ದುಡ್ಡು ನಮ್ಮದು, ಗೇಮ್ ಮಾತ್ರ ಕಂಪನಿಯದು!

2014ರಲ್ಲಿ ಬಂದ ‘ದಿ ಕ್ರ್ಯೂ’ ರೇಸಿಂಗ್ ಗೇಮ್‌ನ ಸರ್ವರ್‌ಗಳನ್ನು ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ರಂದು ಬಂದ್ ಮಾಡಿತು. ಒಬ್ಬರೇ ಕೂತು ಆಡೋದಕ್ಕೂ ಆ ಸರ್ವರ್ ಬೇಕಿತ್ತು. ಹಾಗಾಗಿ ದುಡ್ಡು ಕೊಟ್ಟು ಡಿಸ್ಕ್ ತಂದವರ ಕೈಯಲ್ಲಿ ಉಳಿದದ್ದು ಬರೀ ಪ್ಲಾಸ್ಟಿಕ್.

ಕಂಪನಿಗಳ ವಾದ ಸರಳ: ನೀವು ಕೊಂಡದ್ದು ಗೇಮ್ ಅಲ್ಲ, ಆಡುವ ಪರವಾನಗಿ ಮಾತ್ರ. ಹಾಗಿದ್ದರೆ ಬಟನ್ ಮೇಲೆ ‘ಖರೀದಿಸಿ’ ಅಂತ ಯಾಕೆ ಬರೀತೀರಿ? ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಹಾಗೆ ಬರೆಯುವವರು ಇದು ಬರೀ ಪರವಾನಗಿ ಎಂದು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕು.

ಆದರೆ ಹೇಳಿ ಕಿತ್ತುಕೊಂಡರೂ ಕಿತ್ತುಕೊಂಡ ಹಾಗೇ ಅಲ್ವಾ? ಯುರೋಪಿನಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಮನವಿಗೆ ಸಹಿ ಹಾಕಿದ 10 ಲಕ್ಷಕ್ಕೂ ಹೆಚ್ಚು ಜನ ಕೇಳ್ತಿರೋದು ಇಷ್ಟೇ: ಸರ್ವರ್ ಮುಚ್ಚಿ, ಪರವಾಗಿಲ್ಲ; ಕೊಂಡವರು ಆಡೋಕೆ ಒಂದು ದಾರಿ ಬಿಟ್ಟು ಹೋಗಿ. ಅದು ಗ್ರಾಹಕರ ಹಕ್ಕು, ಕಂಪನಿಯ ಔದಾರ್ಯವಲ್ಲ.