ಮುಖಕ್ಕಿಂತ ಮಾತೇ ಹೆಚ್ಚಾಯಿತು



'ಸ್ಟ್ಯಾಂಡ್ ಬೈ ಮಿ' (1986) ನಿರ್ದೇಶಿಸಿದ ರಾಬ್ ರೈನರ್ ಅವರದೇ ಚಿತ್ರವೆಂಬ ಆಸೆಯಿಂದ, ಎಂಟನೇ ತರಗತಿಯ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಫ್ಲಿಪ್ಡ್' (2010) ನೋಡಿದೆ. ನಿರಾಸೆಯಾಯಿತು.

ಎದುರುಬದುರು ಮನೆಯ ಜೂಲಿ ಮತ್ತು ಬ್ರೈಸ್ ಎರಡನೇ ತರಗತಿಯಿಂದ ಎಂಟನೆಯದರವರೆಗೆ ಬೆಳೆಯುವ ಕತೆಯಿದು. ಒಂದೇ ಘಟನೆಯನ್ನು ಒಮ್ಮೆ ಹುಡುಗ, ಇನ್ನೊಮ್ಮೆ ಹುಡುಗಿ ಹೇಳುತ್ತಾರೆ. ವೆಂಡಲಿನ್ ವ್ಯಾನ್ ಡ್ರಾನನ್ ಅವರ 2001ರ ಕಾದಂಬರಿಯಲ್ಲಿ ಇದು ಸೊಗಸು. ಅಲ್ಲಿರುವುದು ಮಾತು ಮಾತ್ರ. ಸಿನಿಮಾಕ್ಕೆ ಮುಖವಿದೆ, ಮೌನವಿದೆ. ಆದರೂ ಕಣ್ಣಿಗೆ ಕಂಡದ್ದನ್ನೇ ಹಿನ್ನೆಲೆ ದನಿ ಪದೇ ಪದೇ ವಿವರಿಸುತ್ತದೆ. ತಾನು ಪ್ರೀತಿಯಿಂದ ಕೊಟ್ಟ ಮೊಟ್ಟೆಗಳು ಬ್ರೈಸ್ ಮನೆಯ ಕಸಕ್ಕೆ ಹೋಗುತ್ತಿದ್ದವೆಂದು ತಿಳಿದಾಗ ಜೂಲಿಯಾಗಿ ಮ್ಯಾಡಲಿನ್ ಕ್ಯಾರಲ್ ಅವರ ಮುಖ ನೋಡಬೇಕು! ಆ ಹುಡುಗಿಯನ್ನು ನಿರ್ದೇಶಕರು ಇನ್ನಷ್ಟು ನಂಬಬೇಕಿತ್ತು.

ಕತೆಯನ್ನು 1957–63ಕ್ಕೆ ಒಯ್ದದ್ದೂ ನನಗೆ ಹಿಡಿಸಲಿಲ್ಲ. ಹಳೆಯ ಹಾಡು, ಹಳೆಯ ಕಾರುಗಳ ಚೆಂದದಲ್ಲಿ ಮಕ್ಕಳ ನೋವು ಮಸುಕಾಗುತ್ತದೆ.

ಸಿಕಮೋರ್ ಮರ ಕಡಿಯಲು ಬಂದವರೆದುರು ಜೂಲಿ ಕೊಂಬೆಯಿಂದ ಇಳಿಯದೆ ಕೂರುತ್ತಾಳೆ. ಆರೈಕೆ ಕೇಂದ್ರದಲ್ಲಿರುವ ತಂದೆಯ ಸಹೋದರನನ್ನು ನೋಡಲು ಹಟ ಹಿಡಿದು ಹೋಗುತ್ತಾಳೆ. ಅವಳು ಬೆಳೆದದ್ದು ನಮಗೆ ಕಾಣುತ್ತದೆ. ಆದರೆ ಅವಳ ಪರ ಒಂದು ಮಾತೂ ಆಡದ ಬ್ರೈಸ್ ಕೊನೆಗೆ ಅವಳ ಮನೆಯ ಅಂಗಳದಲ್ಲಿ ಸಸಿ ನೆಟ್ಟರೆ ಎಲ್ಲವೂ ಸರಿಹೋಗುತ್ತದೆ. "ಅಷ್ಟು ಬೇಗ ಯಾಕಮ್ಮ ಕ್ಷಮಿಸಿದಳು?" ಎಂದು ಮಗಳು ಕೇಳಿದಳು. ಚಿತ್ರದಲ್ಲಿ ಅದಕ್ಕೆ ಉತ್ತರವಿಲ್ಲ.

ಪೋಷಕರಲ್ಲಿ ನನ್ನ ವಿನಂತಿ: ಮಕ್ಕಳಿಗೆ ಮೊದಲು ಕಾದಂಬರಿಯನ್ನು ಓದಲು ಕೊಡಿ.

– ಓರ್ವ ತಾಯಿ, ಧಾರವಾಡ