ಇನ್ಸ್‌ಪೆಕ್ಟರ್ ಬದಲಾಗುತ್ತಾರೆ, ಮುಖಂಡರೇಕೆ ಬದಲಾಗುವುದಿಲ್ಲ?

ಗಣೇಶ ಚತುರ್ಥಿ ಹಾಗೂ ಈದ್ ಮಿಲಾದ್ ಸಮೀಪಿಸಿದೊಡನೆ ರಾಜ್ಯದ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಮಿತಿಯ ಸಭೆಗಳು ಜರುಗುತ್ತವೆ. ಮೆರವಣಿಗೆಯ ಮಾರ್ಗ, ಧ್ವನಿವರ್ಧಕದ ಸಮಯ, ಸೌಹಾರ್ದದ ಕುರಿತು ನಾಲ್ಕು ಮಾತು, ಚಹಾ, ಕೊನೆಗೊಂದು ಗುಂಪು ಛಾಯಾಚಿತ್ರ. ಹತ್ತು ವರ್ಷ ಹಿಂದಿನ ಛಾಯಾಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಬದಲಾಗಿರುವುದು ಬಹುತೇಕ ಅಧಿಕಾರಿಯ ಮುಖವೊಂದೇ.

ಇದು ಕೇವಲ ಕುರ್ಚಿಯ ಪ್ರಶ್ನೆಯಲ್ಲ. ಮಂಡ್ಯ ಜಿಲ್ಲೆ ಒಂದು ವರ್ಷದ ಅಂತರದಲ್ಲಿ ಎರಡು ಬಾರಿ ಇದರ ಬೆಲೆ ತೆತ್ತಿದೆ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ಘರ್ಷಣೆ ನಡೆದು ಅಂಗಡಿಗಳು ಬೆಂಕಿಗಾಹುತಿಯಾದವು. 2025ರ ಸೆಪ್ಟೆಂಬರ್ 7ರಂದು ಮದ್ದೂರಿನ ರಾಮ್ ರಹೀಮ್ ನಗರದಲ್ಲಿ ಮೆರವಣಿಗೆಯ ಮೇಲೆ ಕಲ್ಲು ತೂರಾಟವಾಯಿತು, ಮರುದಿನ ಪ್ರತಿಭಟನೆ, ಲಾಠಿ ಪ್ರಹಾರ, ಬಳಿಕ ಬಂದ್. ಕಲ್ಲೆಸೆದವನು, ಬೆಂಕಿಯಿಟ್ಟವನು ಯಾವ ಸಮುದಾಯದವನಾದರೂ ಅಪರಾಧಿಯೇ. ಅದರಲ್ಲಿ ಎರಡು ಮಾತಿಲ್ಲ. ಎರಡೂ ಕಡೆ ಠಾಣೆಯ ಇನ್ಸ್‌ಪೆಕ್ಟರ್ ಅಮಾನತುಗೊಂಡರು. ಆದರೆ ಸಮುದಾಯದ ಪರವಾಗಿ ಶಾಂತಿಯ ಭರವಸೆ ನೀಡಿ ಬರುವವರನ್ನು ಕೇಳಿದವರು ಯಾರು? ನಿಮ್ಮ ಮಾತು ನಿಮ್ಮದೇ ಬೀದಿಯ ಹದಿನೆಂಟರ ಹುಡುಗನಿಗೆ ತಲುಪುತ್ತದೆಯೇ ಎಂದು ಜಮಾಅತ್ ಎಂದಾದರೂ ವಿಚಾರಿಸಿದೆಯೇ?

ಪೊಲೀಸ್ ಅಧಿಕಾರಿಗಳ ವಿಷಯದಲ್ಲಿ ದೇಶದ ಚಿಂತೆ ಇದಕ್ಕೆ ತದ್ವಿರುದ್ಧವಾದುದು. ಅವರು ಬೇಗ ಬೇಗನೆ ಎತ್ತಂಗಡಿಯಾಗುತ್ತಾರೆ ಎಂಬುದೇ ದೂರು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ನೀಡಿದ ತೀರ್ಪು ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕೆಂದಿತು. ಕರ್ನಾಟಕದಲ್ಲಿ ಒಂದು ವರ್ಷಕ್ಕೆ ಇಳಿದಿದ್ದ ಈ ಅವಧಿಯನ್ನು ಎರಡು ವರ್ಷಕ್ಕೆ ಏರಿಸಲು 2024ರಲ್ಲಿ ಕಾಯ್ದೆ ತಿದ್ದುಪಡಿಯೇ ಬೇಕಾಯಿತು. ಹೊಸದಾಗಿ ಬಂದ ಅಧಿಕಾರಿಗೆ ಊರು ಗೊತ್ತಿರುವುದಿಲ್ಲ. ಆತ ಠಾಣೆಯ ಹಳೆಯ ಪಟ್ಟಿಯನ್ನು ತೆರೆಯುತ್ತಾನೆ, ಅದರಲ್ಲಿರುವ ಸಂಖ್ಯೆಗಳಿಗೆ ಕರೆ ಮಾಡುತ್ತಾನೆ. ಹೀಗೆ ಒಬ್ಬ ಇನ್ಸ್‌ಪೆಕ್ಟರ್‌ನಿಂದ ಇನ್ನೊಬ್ಬನಿಗೆ ನಮ್ಮ ನಾಯಕತ್ವ ಹಸ್ತಾಂತರವಾಗುತ್ತದೆ. ನಾಯಕರನ್ನು ನಾವು ಆರಿಸಿದ್ದಲ್ಲ, ಠಾಣೆಯ ದಾಖಲೆ ಆರಿಸಿದ್ದು!

ಅನುಭವಸ್ಥರು ಬೇಡವೇ ಎಂಬ ಆಕ್ಷೇಪ ಬರಬಹುದು. ಖಂಡಿತ ಬೇಕು. ಗಲಭೆಯ ರಾತ್ರಿ ಜನರ ಮಧ್ಯೆ ನಿಂತು ಕೈಮುಗಿದು ಬೀದಿ ಉಳಿಸಿದ ಹಿರಿಯರು ನಮ್ಮ ಪಟ್ಟಣಗಳಲ್ಲಿದ್ದಾರೆ, ಅವರ ಋಣ ದೊಡ್ಡದು. ಆದರೆ ಅಂಥವರ ನೆರಳಿನಲ್ಲಿ ಮತ್ತೊಂದು ವರ್ಗ ಬೆಳೆದಿದೆ. ಠಾಣೆಯ ಪರಿಚಯವನ್ನೇ ಬಂಡವಾಳ ಮಾಡಿಕೊಂಡವರು, ನಿವೇಶನದ ತಕರಾರಿಗೂ ಜಾಮೀನಿಗೂ ಮಧ್ಯವರ್ತಿಗಳಾದವರು. ಠಾಣೆಯಿಂದ ತನಗೆ ಕೆಲಸವಾಗಬೇಕಾದವನು ಠಾಣೆಯ ತಪ್ಪನ್ನು ಎತ್ತಿ ಹೇಳುವನೇ? ಬಂಧನದ ಪಟ್ಟಿಯಲ್ಲಿ ನಿರಪರಾಧಿಯ ಹೆಸರು ಸೇರಿದೆಯೆಂದು ತಾಯಿಯೊಬ್ಬಳು ಅಳುತ್ತಾ ಬಂದಾಗ, ಇವರಿಗೆ ಮೊದಲು ನೆನಪಾಗುವುದು ಅಧಿಕಾರಿಯ ಮುನಿಸು.

ಆ ತಾಯಿ ನೇರವಾಗಿ ಸಭೆಯಲ್ಲಿ ಮಾತನಾಡುವಂತಿಲ್ಲ. ಅಲ್ಲಿ ನಮ್ಮ ಮಹಿಳೆಯರಿಗೆ ಸ್ಥಾನ ಸಿಗುವುದೇ ಅಪರೂಪ. ಹಳ್ಳಿಗಳ ಸ್ಥಿತಿ ಇನ್ನೂ ಶೋಚನೀಯ. ಮದ್ದೂರು ತಾಲೂಕಿನ ಚಿಕ್ಕರಸಿನಕೆರೆಯಂತಹ ಹೋಬಳಿಗಳಲ್ಲಿ ಬೆರಳೆಣಿಕೆಯ ಮುಸ್ಲಿಂ ಮನೆಗಳಿರುವ ಊರುಗಳ ಪರವಾಗಿ ಮಾತನಾಡುವವರು ಯಾರು? ಪಟ್ಟಣದಲ್ಲಿ ಕಿಡಿ ಹೊತ್ತಿದರೆ ಮೊದಲು ನಡುಗುವುದು ಆ ಒಂಟಿ ಮನೆಗಳೇ. ನೆರೆಯ ರೈತನೊಡನೆ ಅವರು ಬೆಳೆಸಿಕೊಂಡ ನಂಟು ಪಟ್ಟಣದ ಮುಖಂಡನ ಭಾಷಣಕ್ಕಿಂತ ಗಟ್ಟಿಯಾದುದು. ಆ ಅನುಭವಕ್ಕೆ ಸಭೆಯಲ್ಲಿ ಕುರ್ಚಿಯಿಲ್ಲ.

ಮಾದರಿಗೇನೂ ಕೊರತೆಯಿಲ್ಲ. ಸೋಲಿ ಸೊರಾಬ್ಜಿ ನೇತೃತ್ವದ ಸಮಿತಿ 2006ರಲ್ಲಿ ರೂಪಿಸಿದ ಮಾದರಿ ಪೊಲೀಸ್ ಕಾಯ್ದೆಯ ಕರಡು, ಪೊಲೀಸರಿಗೆ ಸಲಹೆ ನೀಡುವ ನಾಗರಿಕರ ಗುಂಪಿನಲ್ಲಿ ಸಮಾಜದ ಎಲ್ಲ ವರ್ಗಗಳಿಗೂ ಮಹಿಳೆಯರಿಗೂ ಪ್ರಾತಿನಿಧ್ಯವಿರಬೇಕು ಎಂದು ಸೂಚಿಸಿತ್ತು. ನೆರೆಯ ಕೇರಳ 2008ರಲ್ಲೇ ಜನಮೈತ್ರಿ ಯೋಜನೆಯಡಿ ಠಾಣಾ ಮಟ್ಟದ ಸಮಿತಿಗಳನ್ನು ಆರಂಭಿಸಿತು. ನಮ್ಮಲ್ಲಿ ಶಾಂತಿ ಸಮಿತಿಯ ಸದಸ್ಯನೊಬ್ಬನಿಗೆ 'ನಿಮ್ಮ ಅವಧಿ ಮುಗಿಯಿತು' ಎಂಬ ಪತ್ರ ಬಂದುದನ್ನು ಕೇಳಿದವರಿದ್ದಾರೆಯೇ?

ಸರಕಾರವನ್ನು ದೂರುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಮಸೀದಿಯ ಆಡಳಿತ ಸಮಿತಿಗೆ ಅವಧಿಯಿದೆ, ಲೆಕ್ಕಪತ್ರವಿದೆ. ಪ್ರಾತಿನಿಧ್ಯವೂ ಒಂದು ಅಮಾನತ್ ಎಂದು ಮಿಂಬರ್‌ನಿಂದ ಕೇಳುತ್ತೇವೆ. ಹಾಗಿರುವಾಗ ಸಮುದಾಯದ ಹೆಸರಿನಲ್ಲಿ ಠಾಣೆಗೆ ಹೋಗುವವನಿಗೆ ಮಾತ್ರ ಈ ವಿನಾಯಿತಿ ಏಕೆ? ಪ್ರತಿಯೊಂದು ಜಮಾಅತ್ ಎರಡು ವರ್ಷಕ್ಕೊಮ್ಮೆ ಮಹಲ್ಲಾದವರ ಸಭೆ ಕರೆದು ಹೆಸರುಗಳನ್ನು ಸೂಚಿಸಲಿ. ಅದರಲ್ಲಿ ಒಬ್ಬ ಮಹಿಳೆ, ಒಬ್ಬ ಯುವಕ, ಒಬ್ಬ ವಕೀಲ ಕಡ್ಡಾಯವಾಗಿರಲಿ. ಹೋಬಳಿಯ ಹಳ್ಳಿಗಳಿಂದ ಒಬ್ಬರಾದರೂ ಬರಲಿ. ಹಿರಿಯರಲ್ಲಿ ಒಂದಿಬ್ಬರು ಮುಂದುವರಿಯಲಿ, ಉಳಿದವರು ಸ್ಥಾನ ತೆರವು ಮಾಡಲಿ. ಠಾಣೆಯಲ್ಲಿ ನಡೆದ ಮಾತುಕತೆಯನ್ನು ಮುಂದಿನ ಜುಮಾ ನಮಾಝಿನ ಬಳಿಕ ಎಲ್ಲರೆದುರು ತಿಳಿಸಲಿ. ಹೆಸರುಗಳ ಪಟ್ಟಿಯನ್ನು ಲಿಖಿತವಾಗಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಲಿ.

ಅದಕ್ಕೂ ಮೊದಲು ಮಾಡಬೇಕಾದ ಒಂದು ಸಣ್ಣ ಕೆಲಸವಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಯಾವ ನಾಗರಿಕನೂ ತನ್ನ ಠಾಣೆಯ ಬಗ್ಗೆ ಕೇಳಬಹುದು: ಶಾಂತಿ ಸಮಿತಿಯ ಸದಸ್ಯರು ಯಾರು, ಪ್ರತಿಯೊಬ್ಬರೂ ಯಾವ ವರ್ಷದಿಂದ ಇದ್ದಾರೆ, ಕಳೆದ ಮೂರು ವರ್ಷಗಳಲ್ಲಿ ಎಷ್ಟು ಸಭೆಗಳು ನಡೆದವು, ಅವುಗಳ ನಡಾವಳಿ ಎಲ್ಲಿದೆ. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಬಂದ ಉತ್ತರವನ್ನು ಮಸೀದಿಯ ಸೂಚನಾ ಫಲಕದಲ್ಲಿ ಅಂಟಿಸಿರಿ.