ನೀರು ತೊಳೆದದ್ದೇನು, ದಫ್ತರ ಉಳಿಸಿಕೊಂಡದ್ದೇನು

ಕನ್ನಡದ ಕ್ರೈಸ್ತರು ಬ್ಯಾಪ್ಟಿಸಮ್‌ಗೆ ಬಳಸುವ ಮಾತು ದೀಕ್ಷಾಸ್ನಾನ. ಕಥೋಲಿಕರಲ್ಲಿ ಜ್ಞಾನಸ್ನಾನ, ಸ್ನಾನದೀಕ್ಷೆ ಎಂಬ ಮಾತುಗಳೂ ಉಂಟು. ಗ್ರೀಕ್ ಮೂಲದ ಪದಕ್ಕೆ ಇರುವುದು ಮುಳುಗಿಸು, ಅದ್ದು ಎಂಬ ಸಾದಾ ಅರ್ಥ. ಅದರ ಜೊತೆಗೆ ‘ದೀಕ್ಷೆ’ಯನ್ನು ಸೇರಿಸಿದ್ದು ಈ ನೆಲ. ಜೈನ ದೀಕ್ಷೆ, ಲಿಂಗದೀಕ್ಷೆಗಳನ್ನು ಕಂಡ ಭಾಷೆಗೆ ಬರಿಯ ಸ್ನಾನ ಸಾಲದೆನಿಸಿತು. ದೀಕ್ಷೆ ಎಂದಮೇಲೆ ಅದರ ಹಿಂದೆ ಒಂದು ಬಿಡುವಿಕೆ ಇದೆ, ಮುಂದೆ ಒಂದು ಬಾಳುವಿಕೆ ಇದೆ. ಬಿಟ್ಟದ್ದೇನು, ಬಾಳಬೇಕಾದದ್ದು ಹೇಗೆ ಎಂಬುದೇ ದೀಕ್ಷಾಸ್ನಾನದ ಅರ್ಥವನ್ನು ಕುರಿತ ನಿಜವಾದ ಪ್ರಶ್ನೆ.

ಇದಕ್ಕೆ ಬೈಬಲ್ಲಿನ ಒಳಗೇ ಎರಡು ಚಿತ್ರಗಳಿವೆ. ಒಂದು ತೊಳೆಯುವುದು: ಪಾಪದ ಕೊಳೆ ಹೋಗಿ ಮನುಷ್ಯ ಶುದ್ಧನಾಗುತ್ತಾನೆ. ಇನ್ನೊಂದು ಇದಕ್ಕಿಂತ ಕಠಿಣ. ರೋಮಾಪುರದವರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ಪೌಲನು ಇದನ್ನು ಸಾವು ಎನ್ನುತ್ತಾನೆ. ನೀರಿಗಿಳಿದವನು ಕ್ರಿಸ್ತನೊಡನೆ ಹೂಳಲ್ಪಡುತ್ತಾನೆ, ಮೇಲೆದ್ದವನು ಬೇರೆಯವನು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅದರ ಸಾಮಾಜಿಕ ಫಲವನ್ನೂ ಅವನೇ ಹೇಳುತ್ತಾನೆ: ಹೀಗೆ ಸ್ನಾನ ಪಡೆದವರಲ್ಲಿ ಯೆಹೂದ್ಯ–ಗ್ರೀಕ, ದಾಸ–ಸ್ವತಂತ್ರ, ಗಂಡು–ಹೆಣ್ಣು ಎಂಬ ಭೇದವಿಲ್ಲ. ಸಭೆಗಳು ಎಷ್ಟು ನೀರು, ಚಿಮುಕಿಸುವುದೋ ಮುಳುಗಿಸುವುದೋ, ಶಿಶುವಿಗೋ ಪ್ರಾಯದವರಿಗೋ ಎಂದು ಶತಮಾನಗಳಿಂದ ವಾದಿಸಿವೆ. ಭೇದ ಅಳಿಯಿತೋ ಇಲ್ಲವೋ ಎಂಬ ವಾದಕ್ಕೆ ಅಷ್ಟು ಬಿಸಿ ಎಂದೂ ಹತ್ತಲಿಲ್ಲ.

ಸಾವು ಎಂಬ ಮಾತು ಬರಿಯ ರೂಪಕವಲ್ಲ ಎಂಬುದಕ್ಕೆ ಮಂಗಳೂರು ಸಾಕ್ಷಿ. ಬಾಸೆಲ್ ಮಿಷನ್ 1834ರಲ್ಲಿ ಅಲ್ಲಿಗೆ ಬಂತು. ಹತ್ತು ವರ್ಷಗಳ ನಂತರ, 1844ರ ಜನವರಿಯಲ್ಲಿ, ಹರ್ಮನ್ ಮೋಗ್ಲಿಂಗರ ಬಳಗಕ್ಕೆ ಸೇರಿದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ದೀಕ್ಷಾಸ್ನಾನ ಪಡೆದ. ವಯಸ್ಸು ಇಪ್ಪತ್ತರ ಒಳಗೆ. ಮನೆ ಹೋಯಿತು, ಕುಲ ಹೋಯಿತು. ಹೆಂಡತಿ ಜೊತೆಗೆ ಬರಲಿಲ್ಲ. ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದ ಅವರು 1860ರಲ್ಲಿ ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾದರು. ಮುಂದೆ ಕೊಡಗಿನ ಆನಂದಪುರದಲ್ಲಿ ಹೊಲೆಯ ಸಮುದಾಯದ ದುಡಿಮೆಗಾರರ ನಡುವೆ ಕೆಲಸ ಮಾಡಿದರು. ಬ್ರಾಹ್ಮಣನಾಗಿ ಹುಟ್ಟಿದವನು ತೋಟದಾಳುಗಳ ಜೊತೆ ಒಂದೇ ಸಭೆಯವನಾದದ್ದನ್ನು ನೋಡಿದರೆ, ಪೌಲನ ಮಾತು ಒಬ್ಬ ಮನುಷ್ಯನಲ್ಲಾದರೂ ಮೈಪಡೆಯಿತು ಎನ್ನಬೇಕು.

ಕುಲ ಕಳೆದುಕೊಳ್ಳುವುದು ಎಂದರೆ ಏನೆಂದು ತಿಳಿಯಲು ಹಳೆಯ ಮಂಗಳೂರಿಗೇ ಹೋಗಬೇಕಿಲ್ಲ. ಹೈದರಾಬಾದಿನ ಬೇಗಂ ಬಜಾರಿನಂಥ ಸಗಟು ಪೇಟೆಯನ್ನು ನೋಡಿದರೂ ಸಾಕು. ಪಾತ್ರೆ, ಒಣಹಣ್ಣು, ಕಿರಾಣಿ ಸಾಮಾನಿನ ಆ ಓಣಿಗಳು ನಿಂತಿರುವುದು ಉದ್ರಿಯ ಮೇಲೆ. ಉದ್ರಿ ನಿಂತಿರುವುದು ಮಾತಿನ ಮೇಲೆ. ಮಾತು ನಿಂತಿರುವುದು ಬಹುಪಾಲು ಬಿರಾದರಿಯ ಮೇಲೆ. ಇಂಥವನ ಮಗ, ಇಂಥವರ ಅಳಿಯ ಎಂಬುದೇ ಅಲ್ಲಿ ಜಾಮೀನು. ಅಂಥ ಕಡೆ ಒಬ್ಬನು ಕುಲದಾಚೆ ಹೆಜ್ಜೆಯಿಟ್ಟರೆ ಅವನು ಬಿಟ್ಟದ್ದು ದೇವರಕೋಣೆಯನ್ನಷ್ಟೇ ಅಲ್ಲ, ತನ್ನ ಜಾಮೀನನ್ನು. ನಮ್ಮಲ್ಲಿ ಧರ್ಮಾಂತರದ ಚರ್ಚೆ ಯಾವಾಗಲೂ ‘ಏನು ಸಿಕ್ಕಿತು’ ಎಂದು ಕೇಳುತ್ತದೆ. ‘ಏನು ಹೋಯಿತು’ ಎಂದು ಕೇಳುವುದು ಅಪರೂಪ.

ಬಾಸೆಲ್ ಮಿಷನ್‌ಗೆ ಈ ಪ್ರಶ್ನೆ ಮೊದಲ ದಿನದಿಂದಲೇ ಎದುರಾಯಿತು. ಸಭೆ ಸೇರಿದ ಬಿಲ್ಲವರು ಕಳ್ಳು ಇಳಿಸುವಂತಿಲ್ಲ, ಅದು ಮಿಷನ್ನಿನ ಕಟ್ಟಳೆ. ಗೇಣಿ ಕೊಟ್ಟ ಧಣಿ ನೆಲ ಬಿಡಿಸಿದ. ಹೊಟ್ಟೆಗೇನು? ನೇಯ್ಗೆಯ ಕಾರ್ಖಾನೆ ಹುಟ್ಟಿದ್ದು ಹೀಗೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ತೆರೆದ ಹೆಂಚಿನ ಕಾರ್ಖಾನೆಗೂ ಇದೇ ಹಿನ್ನೆಲೆ. ಕರಾವಳಿಯ ಮನೆಗಳ ಮೇಲಿರುವ ಮಂಗಳೂರು ಹೆಂಚು ಒಂದರ್ಥದಲ್ಲಿ ದೀಕ್ಷಾಸ್ನಾನದ ಮಗು. ಇದನ್ನು ಆಮಿಷ ಎನ್ನುವವರಿದ್ದಾರೆ. ಕೆಲಸದ ಆಸೆಗೆ ಬಂದವರೂ ಇದ್ದಿರಬಹುದು. ಆದರೆ ಕ್ರಮವನ್ನು ಮರೆಯಬಾರದು: ಮೊದಲು ಬಹಿಷ್ಕಾರ, ಆಮೇಲೆ ಕಾರ್ಖಾನೆ. ಮತ ಬಿಟ್ಟವನ ಪಿತ್ರಾರ್ಜಿತ ಹಕ್ಕು ಹೋಗಬಾರದೆಂದು 1850ರಲ್ಲಿ ಕಂಪನಿ ಸರ್ಕಾರ 21ನೇ ಕಾಯ್ದೆಯನ್ನೇ ತರಬೇಕಾಯಿತೆಂದರೆ ಆ ಬಹಿಷ್ಕಾರದ ತೂಕ ತಿಳಿಯುತ್ತದೆ.

ಕೌಂಡಿನ್ಯರದು ಮೇಲಿನಿಂದ ಇಳಿದ ಕತೆ. ನಿಜಾಮರ ಸೀಮೆಯಲ್ಲಿ ನಡೆದದ್ದು ಬೇರೆ. ಮೆದಕ್ ಸುತ್ತ ವೆಸ್ಲಿಯನ್ ಮಿಷನ್, ಬೀದರ್ ಕಡೆ ಅಮೆರಿಕದ ಮೆಥಡಿಸ್ಟರು ಕೆಲಸ ಮಾಡಿದಲ್ಲಿ ಮಾಲ, ಮಾದಿಗ ಕೇರಿಗಳು ಕೇರಿಗಳಾಗಿಯೇ ಸಭೆ ಸೇರಿದವು. ಇವರಿಗೆ ಕಳೆದುಕೊಳ್ಳಲು ಆಸ್ತಿಯಿರಲಿಲ್ಲ, ಅವಮಾನವಿತ್ತು. 1924ರ ಕ್ರಿಸ್ಮಸ್ ದಿನ ಪ್ರತಿಷ್ಠೆಯಾದ ಮೆದಕ್ ಕೆಥೆಡ್ರಲ್ ಆ ಆಸೆಯ ಎತ್ತರ. ಅವಮಾನ ನೀರಿನಲ್ಲಿ ಹೋಯಿತೆ?

ಹೋಗಲಿಲ್ಲ. ಮಂಗಳೂರಿನ ಕಥೋಲಿಕರಲ್ಲಿ ಬಾಮಣ, ಚಾರೋಡಿ, ಶುದಿರ ಎಂಬ ಗುರುತುಗಳು ಶತಮಾನಗಳ ಜ್ಞಾನಸ್ನಾನವನ್ನು ದಾಟಿ ಮದುವೆಯ ಮಾತುಕತೆಯವರೆಗೆ ಬಂದವು. ತಮಿಳುನಾಡಿನಲ್ಲಿ ದಲಿತ ಕ್ರೈಸ್ತರ ಹೆಣಗಳಿಗೆ ಬೇರೆ ಸ್ಮಶಾನಗಳಿದ್ದವು. ತಿರುಚಿರಾಪಳ್ಳಿಯಲ್ಲಿ ಒಂದೇ ಸ್ಮಶಾನದ ನಡುವೆ ಗೋಡೆಯೇ ಎದ್ದಿತು. ಕ್ರಿಸ್ತನೊಡನೆ ಹೂಳಲ್ಪಟ್ಟವರು ಮಣ್ಣಿನಲ್ಲಿ ಒಟ್ಟಿಗೆ ಹೂಳಲ್ಪಡಲು ಒಪ್ಪಲಿಲ್ಲ. ಕನ್ನಡಿಗರಿಗೆ ಇದು ಹೊಸ ಪಾಠವಲ್ಲ. ಲಿಂಗ ಕಟ್ಟಿಸಿಕೊಂಡವರಲ್ಲಿ ಕುಲವಿಲ್ಲ ಎಂಬ ಮಾತನ್ನು ಹರಳಯ್ಯ–ಮಧುವರಸರ ಮನೆಗಳು ಮದುವೆಯವರೆಗೆ ಒಯ್ದಾಗ ಕಲ್ಯಾಣ ಏನಾಯಿತೆಂದು ನಾಡಿಗೆ ಗೊತ್ತು. ದೀಕ್ಷೆಯನ್ನು ಎಲ್ಲರೂ ಗೌರವಿಸುತ್ತಾರೆ. ಅದು ನಿಜವೆಂದು ಯಾರಾದರೂ ನಂಬಿ ನಡೆದರೆ ಮಾತ್ರ ಕಷ್ಟ.

ವಿಚಿತ್ರವೆಂದರೆ, ದೀಕ್ಷಾಸ್ನಾನವು ಜಾತಿಯನ್ನು ಪೂರಾ ಅಳಿಸಿತೆಂದು ನಂಬಿರುವ ಒಂದೇ ಸಂಸ್ಥೆ ಸರ್ಕಾರ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರೆನಿಸಲು ಹಿಂದೂ ಆಗಿರಬೇಕು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಅಂಬೇಡ್ಕರರೊಡನೆ 1956ರಲ್ಲಿ ನಾಗಪುರದಲ್ಲಿ ದೀಕ್ಷೆ ಪಡೆದವರು ಮೂವತ್ತನಾಲ್ಕು ವರ್ಷ ಕಾಯಬೇಕಾಯಿತು. ಕ್ರೈಸ್ತರು, ಮುಸಲ್ಮಾನರು ಇನ್ನೂ ಹೊರಗಿದ್ದಾರೆ.

ಆದರೆ ಸರ್ಕಾರದ ಈ ನಂಬಿಕೆಯೂ ಗಟ್ಟಿಯಲ್ಲ. ಮತಾಂತರವಾದಾಗ ಜಾತಿ ಸಾಯುವುದಿಲ್ಲ, ಅದಕ್ಕೆ ಗ್ರಹಣ ಹಿಡಿಯುತ್ತದೆ, ಮರಳಿ ಬಂದರೆ ಬಿಡುತ್ತದೆ ಎಂದು ಸುಪ್ರೀಂ ಕೋರ್ಟ್ ಕೈಲಾಶ್ ಸೋನ್ಕರ್ ಪ್ರಕರಣದಲ್ಲಿ ಹೇಳಿತು. ತೆಲಂಗಾಣ ಮತ್ತು ಆಂಧ್ರದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೂ ಅವರ ಸಂತತಿಗೂ ಹಿಂದುಳಿದ ವರ್ಗಗಳಲ್ಲಿ ‘ಸಿ’ ಎಂಬ ಗುಂಪು, ಶೇ 1ರ ಮೀಸಲಾತಿ ಇದೆ. ಅಂದರೆ ಅಜ್ಜ ಮುಳುಗಿದ ನೀರನ್ನು ಮೊಮ್ಮಗನ ಅರ್ಜಿಯಲ್ಲೂ ಗುರುತಿಸುವ ದಫ್ತರಕ್ಕೆ ಜಾತಿ ಹಿಂಬಾಲಿಸುತ್ತದೆಂದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅರ್ಧ ಒಪ್ಪುತ್ತದೆ.

2024ರ ನವೆಂಬರಿನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಂಬಿಕೆಯಿಲ್ಲದೆ ಮೀಸಲಾತಿಗಾಗಿಯಷ್ಟೇ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡಿದ ವಂಚನೆ ಎಂದಿತು. ಅವರು ಚರ್ಚಿಗೆ ಹೋಗುತ್ತಿದ್ದುದನ್ನೂ ನ್ಯಾಯಾಲಯ ಗಮನಿಸಿತು. ತೀರ್ಪಿನ ತರ್ಕ ಕಾನೂನಿನ ಒಳಗೆ ಸರಿಯೇ ಇರಬಹುದು. ಆದರೆ ಅವರಿಗೆ ಸ್ನಾನ ಮಾಡಿಸಿದ್ದು ಹಸುಗೂಸಾಗಿದ್ದಾಗ. ಶಿಶುಸ್ನಾನಕ್ಕೆ ಸಭೆ ಕೊಡುವ ಅರ್ಥ ಕೃಪೆ: ಮಗು ಏನನ್ನೂ ಗಳಿಸುವ ಮೊದಲೇ ದೇವರು ಅದನ್ನು ತನ್ನದೆನ್ನುತ್ತಾನೆ. ಅದೇ ಸ್ನಾನ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಎದ್ದು ನಿಂತಿತು. ಕೃಪೆಯ ಚೀಟಿಯೇ ನಷ್ಟದ ಚೀಟಿ. ಹೀಗಾಗಿ ಮನೆಯಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುವ ಕುಟುಂಬಗಳುಂಟು. ಅವರನ್ನು ಸುಳ್ಳರೆನ್ನುವುದು ಸುಲಭ. ಸುಳ್ಳು ಹೇಳಿಸಿದ್ದು ಯಾರೆಂದು ಕೇಳುವುದು ನ್ಯಾಯ.

ಕ್ರೈಸ್ತಧರ್ಮದಲ್ಲಿ ಜಾತಿಯಿಲ್ಲದಿದ್ದರೆ ಮೀಸಲಾತಿ ಏಕೆ ಎಂಬ ಆಕ್ಷೇಪ ಸುಳ್ಳಲ್ಲ. ಪಾಲು ಹಂಚಿಹೋದೀತೆಂಬ ಹಿಂದೂ ದಲಿತರ ಆತಂಕವೂ ನಿಜ. ಆದರೆ ಸಿಖ್ ಧರ್ಮದಲ್ಲೂ ಬೌದ್ಧ ಧರ್ಮದಲ್ಲೂ ತತ್ವದ ಮಟ್ಟಿಗೆ ಜಾತಿಯಿಲ್ಲ. ಅಲ್ಲಿ ಅಡ್ಡ ಬಾರದ ತತ್ವ ಇಲ್ಲಿ ಮಾತ್ರ ಅಡ್ಡ ಬರಬಾರದು. ಪಾಲಿನ ಪ್ರಶ್ನೆಗೆ ಉತ್ತರ ಪಾಲನ್ನು ಹಿಗ್ಗಿಸುವುದು. ಒಂದೇ ಬಾವಿಯಿಂದ ದೂರ ನಿಲ್ಲಿಸಲ್ಪಟ್ಟ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಪ್ರಾರ್ಥನೆಯ ಕಾರಣಕ್ಕೆ ಕೈಬಿಡುವುದಲ್ಲ. ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಜಾತಿಯ ಪಟ್ಟಿಯನ್ನು ಮತದಿಂದ ಬಿಡಿಸಿ ಎಂದಿತ್ತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗದ ನೇಮಕವಾಯಿತು. ಆಯೋಗಗಳಿಗೇನೂ ಕೊರತೆಯಿಲ್ಲ.

ಸಭೆಗಳು ಮಾತ್ರ ಈ ಬೇಡಿಕೆಯನ್ನು ಸರ್ಕಾರದ ಮುಂದಿಟ್ಟು ಕೈತೊಳೆದುಕೊಳ್ಳುವಂತಿಲ್ಲ. ಜಾತಿ ನಮ್ಮಲ್ಲೂ ಇದೆ ಎಂದು ದೆಹಲಿಯಲ್ಲಿ ವಾದಿಸುವವರು ಭಾನುವಾರದ ಪೀಠದಿಂದಲೂ ಅದನ್ನು ಪಾಪವೆಂದು ಹೆಸರಿಸಬೇಕು. ಬೇರೆ ಸ್ಮಶಾನ ಇರುವ ಕಡೆ ದೀಕ್ಷಾಸ್ನಾನ ಅರ್ಧಕ್ಕೇ ನಿಂತಿದೆ. ನೀರು ಒಂದೇ ಸಲ, ನಿಜ. ಮರುಸ್ನಾನಕ್ಕೆ ಹಳೆಯ ಸಭೆಗಳಲ್ಲಿ ಅವಕಾಶವಿಲ್ಲ. ಆದರೆ ಆ ನೀರು ಹೇಳಿದ್ದನ್ನು ನಡೆಸಿಕೊಡುವ ಕೆಲಸ ಪಂಕ್ತಿಯಲ್ಲಿ, ಮದುವೆಯ ಚಪ್ಪರದಲ್ಲಿ, ಗುಂಡಿ ತೋಡುವ ಜಾಗದಲ್ಲಿ ಪ್ರತಿ ತಲೆಮಾರಿನಲ್ಲೂ ಆಗಬೇಕು. ಅದನ್ನು ಮಾಡಿಸಲು ಯಾವ ಕಾಯ್ದೆಯೂ ಬೇಕಿಲ್ಲ, ಯಾವ ಆಯೋಗದ ವರದಿಗೂ ಕಾಯಬೇಕಿಲ್ಲ.